ಸುಮ್ಮನೆ ಕೂತ್ಕೋ ಅಮ್ಮ

ಬೆಂಗಳೂರಿನ ಪಿಜಿಗಳಿಂದ, ಫ್ಲ್ಯಾಟುಗಳಿಂದ ಪ್ರತಿ ಭಾನುವಾರ ಕರಾವಳಿಯ ಹಳ್ಳಿಗಳಿಗೆ ಹೋಗುವ ಫೋನುಗಳಲ್ಲಿ "ಊಟ ಆಯ್ತಾ" ಬಿಟ್ಟರೆ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದಿರಬಹುದು? ನನ್ನ ಅಂದಾಜು ಇದು: "ನೀನು ಎಂತದೂ ಮಾಡ್ಲಿಕ್ಕೆ ಹೋಗ್ಬೇಡ, ಸುಮ್ಮನೆ ಕೂತ್ಕೋ ಅಮ್ಮ." ಆ ಕಡೆ ಅರವತ್ತೈದು, ಎಪ್ಪತ್ತು ದಾಟಿದ ಅಮ್ಮ. ಸೊಂಟ ನೋವು. ಬೆಳಿಗ್ಗೆ ಏಳುವಾಗ ಹಿಡಿದುಕೊಳ್ತದೆ, ಸ್ವಲ್ಪ ನಡೆದರೆ ಕಾಲಿಗೆ ಇಳಿಯುತ್ತದೆ. ಈ ಕಡೆ ಮೂವತ್ತು ದಾಟಿದ ಮಗನೋ ಮಗಳೋ. ಪ್ರೀತಿ ಉಂಟು, ಸಂಬಳ ಉಂಟು, ರಜೆ ಮಾತ್ರ ಇಲ್ಲ.

ಆ ಮಾತಿನಲ್ಲಿ ಪ್ರೀತಿ ಇಲ್ಲ ಅಂತ ಯಾರೂ ಹೇಳಲಾರರು. ನನ್ನ ಪ್ರಶ್ನೆ ಬೇರೆ. ವಯಸ್ಸಾದವರ ಬೆನ್ನಿಗೆ ವಿಶ್ರಾಂತಿಯನ್ನು ನಾವು ಕೊಡುತ್ತೇವಲ್ಲ, ಅದು ನಿಜವಾಗಿ ಯಾರಿಗೆ ಬೇಕಾದದ್ದು? ಅವರಿಗೋ, ನಮಗೋ?

ಮೊದಲು ಸಾಮಾನ್ಯವಾಗಿ ನಡೆಯುವ ಕತೆ ನೋಡೋಣ. ನೋವು ಜಾಸ್ತಿ ಆಯ್ತು ಅಂತ ಊರಿಂದ ಫೋನ್ ಬರ್ತದೆ. ನಾವು ದುಡ್ಡು ಕಳಿಸಿ "ಎಂಆರ್‌ಐ ಮಾಡಿಸಿಬಿಡಿ" ಅಂತೇವೆ. ರಿಪೋರ್ಟು ವಾಟ್ಸಾಪಿನಲ್ಲಿ ಬರುತ್ತದೆ. ಎಲ್ 4-ಎಲ್ 5 ನಡುವೆ ಡಿಸ್ಕ್ ಉಬ್ಬಿದೆ, ಡಿಸ್ಕಿನ ನೀರಿನಂಶ ಕಡಿಮೆಯಾಗಿದೆ, ಡಿಜೆನರೇಟಿವ್ ಬದಲಾವಣೆಗಳಿವೆ. ನಮ್ಮಂಥ ಇಂಜಿನಿಯರುಗಳು ಅದನ್ನು ಎರರ್ ಲಾಗ್ ಓದಿದ ಹಾಗೆ ಓದುತ್ತೇವೆ. ಪ್ರತಿ ಸಾಲೂ ಒಂದು ಬಗ್. ಬಗ್ ಇದ್ದ ಮೇಲೆ ಸಿಸ್ಟಮ್ ಮೇಲೆ ಲೋಡ್ ಹಾಕಬಾರದು ಅನ್ನೋದು ನಮ್ಮ ಮೊದಲ ಪಾಠ. ಹಾಗಾಗಿ ಸೊಂಟಕ್ಕೆ ಬೆಲ್ಟು, ಹಾಸಿಗೆಗೆ ಹೊಸ ಮ್ಯಾಟ್ರೆಸ್, ಕೆಲಸಕ್ಕೆ ಒಬ್ಬರು ಹೆಂಗಸು. ಅಮ್ಮ ಕುರ್ಚಿಗೆ.

ಆದರೆ ಆ ಲಾಗಿನ ಅರ್ಧ ಸಾಲುಗಳು ಬಗ್ಗೇ ಅಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದಲ್ಲಿ, ಬೆನ್ನು ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟು ಹಾಕಿ ನೋಡಿದರು. ನೋವಿಲ್ಲದ ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಇತ್ತು. ನೋವಿಲ್ಲದ ಎಂಬತ್ತರವರಲ್ಲಿ ಶೇ. 96. ಅಂದರೆ ಈ ಸವೆತ ಹೆಚ್ಚಿನವರಲ್ಲಿ ಕೂದಲು ಬೆಳ್ಳಗಾದ ಹಾಗೆ, ಮುಖದಲ್ಲಿ ಗೆರೆ ಬಿದ್ದ ಹಾಗೆ. ಬೆಳ್ಳಗಿನ ಕೂದಲು ನೋಡಿ ತಲೆನೋವಿಗೆ ಕಾರಣ ಸಿಕ್ಕಿತು ಅಂತ ಯಾರೂ ಹೇಳುವುದಿಲ್ಲ. ಬೆನ್ನಿನ ವಿಷಯದಲ್ಲಿ ಮಾತ್ರ ಹೇಳ್ತೇವೆ. ಅಮ್ಮನಿಗೂ ಅದನ್ನೇ ಹೇಳ್ತೇವೆ: "ನಿನ್ನ ಬೆನ್ನು ಸವೆದುಹೋಗಿದೆ." ಆ ಮಾತು ಕೇಳಿದ ದಿನದಿಂದ ಅವಳು ಬಗ್ಗಲಿಕ್ಕೆ ಹೆದರುತ್ತಾಳೆ. ಹೆದರಿ ಬಗ್ಗದೇ ಇದ್ದ ಬೆನ್ನು ಇನ್ನಷ್ಟು ಬಿಗಿಯುತ್ತದೆ.

ವಿಶ್ರಾಂತಿಯ ಬಗ್ಗೆ ಗೊತ್ತಿರುವುದೂ ಹೊಸತೇನಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹಠಾತ್ ಸೊಂಟ ನೋವು ಬಂದ 186 ನಗರಪಾಲಿಕೆ ನೌಕರರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಮತ್ತೊಂದಕ್ಕೆ "ನೋವು ಬಿಟ್ಟಷ್ಟು ನಿಮ್ಮ ದಿನದ ಕೆಲಸ ಮಾಡಿಕೊಂಡಿರಿ" ಎಂಬ ಸಲಹೆ. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು. ಅತಿ ನಿಧಾನ, ಹಾಸಿಗೆಯದ್ದು. ಅವರೆಲ್ಲ ದುಡಿಯುವ ವಯಸ್ಸಿನವರು, ನಿಜ. ಹಿರಿಯರ ಲೆಕ್ಕ ಇನ್ನೂ ಕಠಿಣ. 2007ರ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲಿ ಇರಿಸಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಹತ್ತೇ ದಿನ. ನಾವು "ಮಳೆಗಾಲ ಮುಗಿಯುವ ತನಕ ಹೊರಗೆ ಹೋಗಬೇಡ" ಅಂತ ಹೇಳುವುದು ನಾಲ್ಕು ತಿಂಗಳಿಗೆ.

ಇದರ ಇನ್ನೊಂದು ಮುಖವೂ ಉಂಟು. 1990ರಲ್ಲಿ ಬೋಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ, ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿ ದುರ್ಬಲರಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಲು ಹೊರಟರು. ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! "ಇನ್ನೆಂತ ಗಟ್ಟಿ ಆಗ್ತದೆ ಈ ವಯಸ್ಸಿನಲ್ಲಿ" ಅನ್ನುವ ನಮ್ಮ ಮಾತು ಅನುಕಂಪದ ಹಾಗೆ ಕೇಳಿಸಿದರೂ ಅದು ತಪ್ಪು ಮಾಹಿತಿ.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಕಾಡುವ ಸೊಂಟ ನೋವಿಗೆ ಶಸ್ತ್ರಚಿಕಿತ್ಸೆಯಲ್ಲದ ದಾರಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹಿರಿಯರನ್ನೂ ಸೇರಿಸಿಯೇ ಹೇಳಲಾಗಿದೆ. ಮಾಡಬಹುದಾದ್ದು: ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು, ವ್ಯಾಯಾಮದ ಕಾರ್ಯಕ್ರಮ, ಮಸಾಜಿನಂಥ ಕೆಲವು ಕೈಚಿಕಿತ್ಸೆ, ಮನಸ್ಸಿನ ಹೆದರಿಕೆಗೆ ಸಹಾಯ, ಬೇಕಾದರೆ ಉರಿಯೂತ ಇಳಿಸುವ ಮಾತ್ರೆ. ಸಾಮಾನ್ಯವಾಗಿ ಬೇಡ ಅಂದದ್ದು: ಸೊಂಟದ ಬೆಲ್ಟು, ಟ್ರ್ಯಾಕ್ಷನ್, ಅಫೀಮು ಜಾತಿಯ ನೋವುನಿವಾರಕ. ನಾವು ಮೊದಲು ಖರೀದಿಸುವ ವಸ್ತುವೇ ಬೇಡದ ಪಟ್ಟಿಯಲ್ಲಿ ಮೊದಲು ಸಿಗುತ್ತದೆ!

ಒಂದು ಎಚ್ಚರಿಕೆ ಇಲ್ಲಿ ಬೇಕು. ಎಲ್ಲ ಬೆನ್ನು ನೋವೂ ವ್ಯಾಯಾಮದ ನೋವಲ್ಲ. ಬಚ್ಚಲಿನಲ್ಲಿ ಜಾರಿ ಬಿದ್ದ ಮೇಲೆ ಶುರುವಾದ ನೋವು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಕಾಲಿನ ಶಕ್ತಿ ಕುಂದುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು - ಇವೆಲ್ಲ ಇದ್ದರೆ ಮೊದಲು ಡಾಕ್ಟರು, ಆಮೇಲೆ ಉಳಿದದ್ದು. ಶಸ್ತ್ರಚಿಕಿತ್ಸೆ ಬೇಕಾದವರೂ ಇರುತ್ತಾರೆ. ಬೆನ್ನುಹುರಿಯ ದಾರಿ ಕಿರಿದಾಗಿ ಕಾಲು ಎಳೆಯುವವರ ಮೇಲೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ನಂತರ ಶಸ್ತ್ರಚಿಕಿತ್ಸೆಯ ಗುಂಪೂ ಫಿಸಿಯೋಥೆರಪಿಯ ಗುಂಪೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇದ್ದವು. ಆದರೆ ಫಿಸಿಯೋ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಆರಿಸಿಕೊಂಡಿದ್ದರು. ಹಾಗಾಗಿ ಇದು ಕತ್ತರಿ ಕೆಟ್ಟದ್ದು, ಕಸರತ್ತು ಒಳ್ಳೆಯದು ಅನ್ನುವ ಲೇಖನ ಅಲ್ಲ.

ವಿಜ್ಞಾನ ಇಷ್ಟು ಸ್ಪಷ್ಟವಾಗಿ ಹೇಳ್ತಿದ್ದರೂ ನಾವು ಯಾಕೆ "ಕೂತ್ಕೋ" ಅನ್ನುತ್ತೇವೆ? ಗೂಗಲ್ ಮಾಡಲಿಕ್ಕೆ ಬರದವರೇನೂ ಅಲ್ಲವಲ್ಲ ನಾವು.

ನನಗೆ ಅನ್ನಿಸುವುದು, ಇಲ್ಲಿ ವೈದ್ಯಕೀಯಕ್ಕಿಂತ ಹಳೆಯ ಒಂದು ಲೆಕ್ಕ ಕೆಲಸ ಮಾಡ್ತಿದೆ. ಸಾಲದ ಲೆಕ್ಕ. ನಮ್ಮನ್ನು ಓದಿಸಲಿಕ್ಕೆ ಬಗ್ಗಿದ ಬೆನ್ನು ಅದು. ಕಾರ್ಕಳ ಕಡೆಯ ಗದ್ದೆಗಳಲ್ಲಿ ಆಟಿ ತಿಂಗಳ ಮಳೆಗೆ ಬೆನ್ನೊಡ್ಡಿ ನೇಜಿ ನೆಟ್ಟದ್ದು, ಬಾವಿಯಿಂದ ನೀರು ಸೇದಿದ್ದು, ದನಕ್ಕೆ ಹುಲ್ಲಿನ ಹೊರೆ ಹೊತ್ತದ್ದು, ರಾತ್ರಿ ದೀಪದ ಬುಡದಲ್ಲಿ ಬೀಡಿ ಕಟ್ಟಿದ್ದು. ನಮ್ಮ ಬಿಇ ಸರ್ಟಿಫಿಕೇಟಿನಲ್ಲಿ ಆ ಬೆನ್ನಿನ ಹೆಸರು ಇಲ್ಲ. ಈಗ ನಮಗೆ ಸಂಬಳ ಬಂತು. ಸಾಲ ತೀರಿಸಬೇಕು. ದುಡಿಮೆಯ ಸಾಲಕ್ಕೆ ಬಡ್ಡಿ ಅಂದರೆ ವಿಶ್ರಾಂತಿ. "ಇಷ್ಟು ದಿನ ದುಡಿದದ್ದು ಸಾಕು, ಇನ್ನು ಕೂತು ಉಣ್ಣು." ಇದು ನಮ್ಮ ಕಡೆ ಮಗ ಹೇಳಬಹುದಾದ ಅತಿ ದೊಡ್ಡ ಮಾತು. ಊರವರು ಕೂಡ ಮೆಚ್ಚುತ್ತಾರೆ. "ಅವಳ ಮಗ ಎಂತ ಚಂದ ನೋಡ್ಕೊಳ್ತಾನೆ ಮಾರಾಯ್ರೆ, ಒಂದು ಕಡ್ಡಿ ಎತ್ತಲಿಕ್ಕೆ ಬಿಡುದಿಲ್ಲ."

ತೊಂದರೆ ಏನಂದರೆ ಬೆನ್ನು ಈ ಪಾವತಿಯನ್ನು ಸ್ವೀಕರಿಸುವುದಿಲ್ಲ. ಅದಕ್ಕೆ ಬೇಕಾದ್ದು ದಿನಾ ಇಷ್ಟಿಷ್ಟೇ ಹೆಚ್ಚುವ ಕೆಲಸ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಮಲಗಿ ಸೊಂಟ ಎತ್ತುವುದು. ಅಂಗಳದ ತನಕ, ಗೇಟಿನ ತನಕ, ಆಮೇಲೆ ರಸ್ತೆಯ ತನಕ ನಡೆಯುವುದು. ಸ್ವಲ್ಪ ನೋವಾದರೆ ಅದು ಹಾನಿಯಲ್ಲ ಎಂದು ನಿಧಾನವಾಗಿ ದೇಹಕ್ಕೆ ಮನವರಿಕೆ ಮಾಡುವುದು. ವಾರಗಟ್ಟಲೆ, ತಿಂಗಳುಗಟ್ಟಲೆ. ಬಹಳ ಬೋರಿನ ಸಂಗತಿ. ಫೋಟೋ ತೆಗೆದು ಸ್ಟೇಟಸ್ ಹಾಕುವಂಥದ್ದು ಏನೂ ಇಲ್ಲ.

ಇನ್ನೂ ಮುಖ್ಯವಾದ್ದು, ಇದನ್ನು ಅವರ ಪರವಾಗಿ ನಾವು ಕೊಳ್ಳಲಿಕ್ಕೆ ಆಗುವುದಿಲ್ಲ. ಎಂಆರ್‌ಐ ಗೂಗಲ್ ಪೇಯಲ್ಲಿ ಆಗ್ತದೆ. ಬೆಲ್ಟು ಅಮೆಜಾನಿನಲ್ಲಿ ಬರ್ತದೆ. ಶಸ್ತ್ರಚಿಕಿತ್ಸೆಗೆ ಇನ್ಶೂರೆನ್ಸ್ ಉಂಟು. ಕುರ್ಚಿಯಿಂದ ಹತ್ತು ಸಲ ಏಳುವುದನ್ನು ಅಮ್ಮನೇ ಏಳಬೇಕು, ಮತ್ತು ಮೊದಲ ದಿನಗಳಲ್ಲಿ ಪಕ್ಕದಲ್ಲಿ ಯಾರಾದರೂ ನಿಂತಿರಬೇಕು. ದೂರದಲ್ಲಿರುವ ಮಕ್ಕಳಿಗೆ ಸಾಲ ತೀರಿಸಲಿಕ್ಕೆ ಇರುವ ನಾಣ್ಯ ದುಡ್ಡು. ಈ ಅಂಗಡಿಯಲ್ಲಿ ಆ ನಾಣ್ಯ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವಿದ್ಯೆಯ ಕೊರತೆ ಇಲ್ಲ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಗುಡ್ಡ ಮಣಿಪಾಲ. ಅಲ್ಲಿ ಫಿಸಿಯೋಥೆರಪಿ ಕಲಿಯಲಿಕ್ಕೆ ದೇಶದ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ಉಡುಪಿಯಲ್ಲಿ, ಕಾರ್ಕಳದಲ್ಲಿ ಆಸ್ಪತ್ರೆಗಳಿವೆ. ಆದರೆ ಕಾರ್ಕಳದ ಒಳಹಳ್ಳಿಯಿಂದ ಮಣಿಪಾಲಕ್ಕೆ ಹೋಗುವುದೆಂದರೆ ರಸ್ತೆಯ ತನಕ ನಡಿಗೆ, ಎತ್ತರದ ಮೆಟ್ಟಿಲಿನ ಬಸ್ಸು, "ಬೇಗ ಬೇಗ" ಅನ್ನುವ ಕಂಡಕ್ಟರು, ಮತ್ತೆ ಅದೇ ದಾರಿಯಲ್ಲಿ ವಾಪಸ್. ಸೊಂಟ ನೋವಿನ ಚಿಕಿತ್ಸೆಗೆ ಹೋಗಲಿಕ್ಕೇ ಗಟ್ಟಿ ಸೊಂಟ ಬೇಕು! ಹಾಗಾಗಿ ಎರಡು ಸಲ ಹೋಗಿ ಬಿಡುತ್ತಾರೆ. ಅವರಿಗೆ ಕಡಿಮೆ ಇದ್ದದ್ದು ಜೊತೆ.

ಸಾಲದ ಲೆಕ್ಕದ ಅಡಿಯಲ್ಲಿ ಇನ್ನೊಂದು ಸಣ್ಣ ಲೆಕ್ಕ ಇರುತ್ತದೆ. ಅಮ್ಮ ಬಿದ್ದರೆ ನಾವು ರಜೆ ಹಾಕಬೇಕು. ಅಮ್ಮ ಕೂತಿದ್ದರೆ ನಾವು ನಿಶ್ಚಿಂತೆ. "ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು" ಅನ್ನುವ ಮಾತಿನಲ್ಲಿ ಎಷ್ಟು ಭಾಗ ಅವಳ ಒಳ್ಳೆಯದು, ಎಷ್ಟು ಭಾಗ ನಮ್ಮ ನೆಮ್ಮದಿ ಅಂತ ಬಿಡಿಸಿ ನೋಡುವುದು ಕಷ್ಟ. ಎರಡೂ ಸೇರಿರುವುದು ಪಾಪವೇನಲ್ಲ. ಆದರೆ ನಮ್ಮ ನೆಮ್ಮದಿಯ ಬೆಲೆಯನ್ನು ಅವಳ ಕಾಲಿನ ಮಾಂಸಖಂಡದಲ್ಲಿ ಕೊಡಿಸುವುದು ಸರಿಯಲ್ಲ. ಮೆಟ್ಟುಕತ್ತಿ ಕೈಯಿಂದ ತೆಗೆದರೆ ಬರೀ ಕತ್ತಿ ಹೋಗುವುದಿಲ್ಲ. ಇವತ್ತು ಸಾರಿಗೆ ಎಂತ ತರಕಾರಿ ಅಂತ ತೀರ್ಮಾನಿಸುವ ಅಧಿಕಾರ ಹೋಗ್ತದೆ. ಎರಡು ತಿಂಗಳಲ್ಲಿ ಆಕೆ ತನ್ನದೇ ಮನೆಯಲ್ಲಿ ಅತಿಥಿ.

ಇಲ್ಲಿಗೆ ಬಂದಾಗ ಗಟ್ಟಿಯಾದ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ದಾಟಿ ಹೋಗಲಿಕ್ಕೆ ಆಗುವುದಿಲ್ಲ. "ಕೆಲಸ ಮಾಡಿದರೆ ಬೆನ್ನು ಗಟ್ಟಿ ಆಗ್ತದೆ" ಎಂಬ ಮಾತನ್ನು ನಮ್ಮ ಊರುಗಳಲ್ಲಿ ಮೊದಲು ಹೇಳಿದವರು ಫಿಸಿಯೋಥೆರಪಿಸ್ಟರಲ್ಲ. ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತ ಯಜಮಾನರು. ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಕೂತು ಸಿಪ್ಪೆ ತೆಗೆದ ಹೆಂಗಸಿಗೆ, ಸಾವಿರ ಬೀಡಿಯ ಲೆಕ್ಕ ತುಂಬಿಸಲಿಕ್ಕೆ ಮಧ್ಯರಾತ್ರಿವರೆಗೆ ಬಗ್ಗಿದವಳಿಗೆ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕಾಪುವಿನ ಮನೆಮನೆ ತಿರುಗಿದವಳಿಗೆ, ಎಪ್ಪತ್ತರಲ್ಲೂ "ಚಲನೆ ಒಳ್ಳೆಯದು" ಅಂತ ಪಾಠ ಹೇಳುವುದು ಕ್ರೌರ್ಯ ಅಲ್ವಾ? ಅವಳು ಬದುಕಿಡೀ ಚಲಿಸಿಯೇ ಈ ನೋವು ಬಂದದ್ದು.

ಹೌದು. ಹಾಗಾಗಿ ಗೆರೆಯನ್ನು ಕೆಲಸ ಮತ್ತು ವಿಶ್ರಾಂತಿಯ ನಡುವೆ ಎಳೆದರೆ ತಪ್ಪಾಗ್ತದೆ. ಎಳೆಯಬೇಕಾದ್ದು ನಿಲ್ಲಿಸಬಹುದಾದ ಕೆಲಸ ಮತ್ತು ನಿಲ್ಲಿಸಲಾಗದ ಕೆಲಸದ ನಡುವೆ. ಬೀಡಿಯ ಲೆಕ್ಕ ತುಂಬದಿದ್ದರೆ ಅಕ್ಕಿ ಇಲ್ಲ ಎಂಬ ಸ್ಥಿತಿಯಲ್ಲಿ ಬೆನ್ನು "ಸಾಕು" ಅಂದರೂ ಕೈ ನಿಲ್ಲುವುದಿಲ್ಲ. ಪುನಶ್ಚೇತನ ಚಿಕಿತ್ಸೆಯ ತಿರುಳು ಇರುವುದೇ ಆ "ಸಾಕು"ವಿನಲ್ಲಿ. ಇಷ್ಟು ಮಾಡು, ನಿಲ್ಲಿಸು, ನಾಳೆ ಚೂರು ಹೆಚ್ಚು ಮಾಡು. ಭಾರ ಎಷ್ಟು ಎನ್ನುವುದನ್ನು ದೇಹದ ಒಡತಿಯೇ ತೀರ್ಮಾನಿಸುವುದು. ನಾಟಿಯ ಬಗ್ಗುವಿಕೆಗೂ ವ್ಯಾಯಾಮದ ಬಗ್ಗುವಿಕೆಗೂ ಬೆನ್ನುಮೂಳೆಯಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಕ್ಕಿಲ್ಲ. ವ್ಯತ್ಯಾಸ ಇರುವುದು ಯಾರು ಹೇಳಿದರು, ಯಾವಾಗ ನಿಲ್ಲಿಸಬಹುದು ಅನ್ನುವುದರಲ್ಲಿ. ಈಗಲೂ ಹೊಟ್ಟೆಗಾಗಿ ಬಗ್ಗುವ ಎಪ್ಪತ್ತರ ಹೆಂಗಸಿಗೆ ಮೊದಲು ಬೇಕಾದ್ದು ಪಿಂಚಣಿ, ವ್ಯಾಯಾಮದ ಚೀಟಿ ಆಮೇಲೆ.

ಗೆಳೆಯನೊಬ್ಬನ ತಾಯಿ ಕಾಪು ತಾಲ್ಲೂಕಿನ ಶಂಕರಪುರದ ಕಡೆಯವರು, ಮಲ್ಲಿಗೆ ಕಟ್ಟುತ್ತಾರೆ. ಒಂದು ಚೆಂಡು ಅಂದರೆ ಎಂಟುನೂರು ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಒಂದೊಂದೇ ಮೊಗ್ಗು, ನೆಲದಲ್ಲಿ ಕೂತು, ಕುತ್ತಿಗೆ ಬಗ್ಗಿಸಿ. ಸೊಂಟ ನೋವು ಜೋರಾದಾಗ ಮಕ್ಕಳು ಗಿಡ ಕಡಿಸುವ ಮಾತಾಡಿದರು. ಫಿಸಿಯೋಥೆರಪಿಯ ಹುಡುಗಿ ಹೇಳಿದ್ದು ಬೇರೆಯೇ. ಎತ್ತರದ ಸ್ಟೂಲಿನಲ್ಲಿ ಕಾಲು ಇಳಿಬಿಟ್ಟು ಕೂರಿ, ಪ್ರತಿ ಇನ್ನೂರು ಹೂವಿಗೆ ಎದ್ದು ಜಗಲಿಯ ಎರಡು ಸುತ್ತು ನಡೆಯಿರಿ, ಸಂಜೆ ಈ ನಾಲ್ಕು ವ್ಯಾಯಾಮ ಮಾಡಿ. ಅವರ ಮನೆಯಲ್ಲಿ ಈಗ ಹೂ ಕಡಿಮೆ ಕಟ್ಟುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಇವತ್ತಿನ ಮಲ್ಲಿಗೆಯ ರೇಟು ಎಷ್ಟು ಅಂತ ಬೆಳಿಗ್ಗೆ ಮೊದಲು ವಿಚಾರಿಸುವವರು ಅವರೇ. "ನೋವು ನನ್ನದು, ಹೂವೂ ನನ್ನದು. ಒಂದು ಬಿಡಬೇಕು ಅಂತಾದ್ರೆ ಯಾವುದನ್ನು ಅಂತ ನನ್ನ ಹತ್ತಿರ ಕೇಳಬೇಕಲ್ಲ?" ಅಂದರಂತೆ. ಗೆಳೆಯ ನಗುತ್ತಾ ಹೇಳಿದ. ಮೂರು ನೀತಿಶಾಸ್ತ್ರದ ಪುಸ್ತಕಗಳು ಹೇಳುವುದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು ಅಂತ ನನಗನ್ನಿಸಿತು.

ಇದರ ವಿರುದ್ಧ ದಿಕ್ಕಿನ ಅಪಾಯವೂ ನಮ್ಮ ಪೀಳಿಗೆಗೆ ಉಂಟು. "ಕೂತ್ಕೋ" ಬಿಟ್ಟು "ನಡಿ"ಗೆ ಹಾರುವುದು. ಅಮ್ಮನ ಕೈಗೆ ಸ್ಮಾರ್ಟ್ ವಾಚು ಕಟ್ಟಿ, ಬೆಂಗಳೂರಿನಿಂದಲೇ ಹೆಜ್ಜೆ ಎಣಿಸಿ, "ಇವತ್ತು ಎರಡು ಸಾವಿರವೂ ಆಗಿಲ್ಲ ಯಾಕೆ" ಅಂತ ಸ್ಟ್ಯಾಂಡಪ್ ಮೀಟಿಂಗು ನಡೆಸುವುದು. ಆಗ ನಾವು ಬದುವಿನ ಮೇಲೆ ಕೊಡೆ ಹಿಡಿದ ಯಜಮಾನರೇ, ಕೊಡೆ ಬದಲು ಆ್ಯಪ್ ಅಷ್ಟೆ. ಬೇಡ ಅನ್ನುವ ಹಕ್ಕು ಅವಳಿಗೆ ಇರಬೇಕು. ಎಲ್ಲ ತಿಳಿದ ಮೇಲೂ "ನನಗೆ ಇಷ್ಟು ಸಾಕು, ಈ ನೋವಿನ ಜೊತೆ ನಾನು ಇರ್ತೇನೆ" ಅಂದರೆ, ಅದೂ ಒಂದು ಉತ್ತರ. ಮಗುವಿಗೆ ಔಷಧಿ ಕುಡಿಸುವ ಹಾಗೆ ಹಿರಿಯರಿಗೆ ಆರೋಗ್ಯ ಕುಡಿಸಲಿಕ್ಕೆ ಬರುವುದಿಲ್ಲ.

ಒಳ್ಳೆಯ ಫಿಸಿಯೋಥೆರಪಿಸ್ಟರು ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತಾರೆ. "ನೋವು ಹತ್ತರಲ್ಲಿ ಎಷ್ಟು" ಎಂಬುದರ ಜೊತೆಗೆ, "ನಿಮಗೆ ಎಂತ ಮಾಡಲಿಕ್ಕೆ ಆಗ್ಬೇಕು?" ನಮ್ಮ ಕಡೆಯ ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಅದೇ ಜಿಲ್ಲೆಯ ಚರಿತ್ರೆ ಆದೀತು. ಒಬ್ಬರಿಗೆ ಕೃಷ್ಣಮಠದ ಊಟಕ್ಕೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ಒಬ್ಬರಿಗೆ ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಯಾರ ಕೈಯೂ ಹಿಡಿಯದೆ ಹತ್ತಬೇಕು. ಒಬ್ಬರಿಗೆ ಬೆಳಗಿನವರೆಗೆ ಆಟ ನೋಡಬೇಕು, ಅರ್ಧದಲ್ಲಿ ಎದ್ದು ಬರಬಾರದು. ಕಾರ್ಕಳದ ನಮ್ಮ ಸಂಬಂಧಿಕರೊಬ್ಬರಿಗೆ ಇನ್ನೊಂದು ಸಲ ಗೊಮ್ಮಟನ ಬೆಟ್ಟ ಹತ್ತಬೇಕು. 1432ರಿಂದ ಅಲುಗದೆ ನಿಂತ 42 ಅಡಿಯ ಆ ಮೂರ್ತಿಗೆ ಬೆನ್ನು ನೋವಿಲ್ಲ, ಯಾಕಂದರೆ ಅದು ಕಲ್ಲು. ನಿಂತಲ್ಲೇ ಇರುವುದು ಕಲ್ಲಿಗೆ ಆಗ್ತದೆ. ಅದನ್ನು ನೋಡಲಿಕ್ಕೆ ಹೋಗುವವರಿಗೆ ಮೆಟ್ಟಿಲು ಹತ್ತಲೇಬೇಕು.

ನನ್ನ ಅಮ್ಮನ ಉತ್ತರ ಇನ್ನೂ ಸಣ್ಣದಿತ್ತು. ತೋಟದ ಕೊನೆಯ ತೆಂಗಿನ ಮರದ ತನಕ ಹೋಗಿ, ಬಿದ್ದ ಕಾಯಿ ಎಷ್ಟು ಅಂತ ನೋಡಿ ಬರಬೇಕು. ತರಬೇಕಾಗಿಲ್ಲ, ನೋಡಿದರೆ ಸಾಕು. ಮೊದಲ ವಾರ ಬಾವಿಯ ತನಕ. ಎರಡನೆಯ ತಿಂಗಳಲ್ಲಿ ಹಲಸಿನ ಮರದ ತನಕ, ಅಲ್ಲಿ ಕೂರಲಿಕ್ಕೆ ಒಂದು ಕಲ್ಲು. ಮರದಿಂದ ಮರಕ್ಕೆ ಅಳೆಯುವ ಈ ಚಿಕಿತ್ಸೆಗೆ ಯಾವ ಮಶಿನ್ನೂ ಬೇಕಾಗಲಿಲ್ಲ. ಬೇಕಾದ್ದು ಜೊತೆಗೆ ನಡೆಯುವ ಒಬ್ಬರು. ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು ನಾನು ಎರಡು ವಾರ, ಆಮೇಲೆ ಪಕ್ಕದ ಮನೆಯವರು. ಅವರಿಗೂ ಸೊಂಟ ನೋವಿತ್ತು, ಅವರಿಗೂ ಒಂದು ಜೊತೆ ಬೇಕಿತ್ತು.

ಪ್ರತಿಯೊಬ್ಬರಿಗೂ ಎರಡು ವಾರ ಊರಿಗೆ ಹೋಗಲಿಕ್ಕೆ ಆಗ್ತದೆ ಅಂತ ನಾನು ಹೇಳಲಾರೆ. ಪ್ರಾಜೆಕ್ಟುಗಳು ಹೇಗಿರುತ್ತವೆ ಅಂತ ನಮಗೆಲ್ಲ ಗೊತ್ತು. ಆದರೆ ವರ್ಷದ ರಜೆಯಲ್ಲಿ ಒಂದು ಭಾಗವನ್ನು ಸ್ಕ್ಯಾನ್ ಮಾಡಿಸಲಿಕ್ಕೆ ಓಡಾಡುವ ಬದಲು, ಅಮ್ಮನೊಟ್ಟಿಗೆ ಫಿಸಿಯೋಥೆರಪಿಗೆ ಹೋಗಿ ಆ ನಾಲ್ಕು ವ್ಯಾಯಾಮ ನಾವೂ ಕಲಿಯಲಿಕ್ಕೆ ಇಡಬಹುದು. ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ನಮ್ಮ ಬೆನ್ನುಗಳೂ ಅಂಥ ಆರೋಗ್ಯದಲ್ಲೇನೂ ಇಲ್ಲವಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಬಹುದು, ಜಾರದ ಚಪ್ಪಲಿ ತರಬಹುದು. ಅವಳು ಓಡಾಡದಂತೆ ತಡೆಯುವುದರ ಬದಲು ಓಡಾಡುವ ದಾರಿಯನ್ನು ಸರಿಮಾಡಬಹುದು.

ಮತ್ತೆ ಫೋನಿನ ಮಾತನ್ನು ಬದಲಿಸಬಹುದು. "ನೋವು ಕಡಿಮೆ ಆಯ್ತಾ?" ಅಂತ ದಿನಾ ಕೇಳಿದರೆ ಅವಳು ದಿನಾ ನೋವನ್ನೇ ಹುಡುಕಿ ಉತ್ತರ ಕೊಡಬೇಕಾಗ್ತದೆ. "ಇವತ್ತು ಎಲ್ಲಿವರೆಗೆ ಹೋಗಿದ್ದೆ? ಎಂತ ಕಂಡಿತು?" ಅಂತ ಕೇಳಿ ನೋಡಿ. ಹಲಸು ಬಿಟ್ಟಿದೆಯಾ, ತೋಡಿನಲ್ಲಿ ನೀರು ಎಷ್ಟಿದೆ, ಪಕ್ಕದ ಮನೆಯ ದನ ಮತ್ತೆ ಬೇಲಿ ಹಾರಿತಾ ಅಂತೆಲ್ಲ ಹೇಳಲಿಕ್ಕೆ ಶುರು ಮಾಡ್ತಾಳೆ. ಸೊಂಟದ ಸುದ್ದಿ ಐದು ನಿಮಿಷ ಆದ ಮೇಲೆ ಬಂದರೂ ಬರಬಹುದು, ಬರದೆಯೂ ಇರಬಹುದು.